ಅಣ್ಣನ ರಕ್ತ

ತಡವಾಗಿ ಬರುವ ಗಾಡಿಗಳ ಪರವಾಗಿ ವಿಷಾದಿಸುವುದು ಅವನ ಕಸುಬು. ರೈಲು ನಿಲ್ದಾಣದ ಮೂಲೆಯಲ್ಲಿ ಒಂದು ಗೂಡು, ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ಮಡಚಲು ಬಾರದ ಬಲಗಾಲನ್ನು ಚಾಚಿಕೊಳ್ಳಲು ಒಂದು ಸ್ಟೂಲು. ಗಾಡಿ ತಡವಾದದ್ದಕ್ಕೆ ತನಗೂ ತನ್ನ ಮೊಣಕಾಲಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಅವನು ಇಷ್ಟು ವರ್ಷ ಎಲ್ಲರಿಗೂ ವಿಷಾದಿಸುತ್ತ ಬಂದಿದ್ದ. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಜೇನು ಸವರಿದ ದನಿಯಲ್ಲಿ ಹೇಳಿ, ಗುಂಡಿ ಒತ್ತಿ ಮೈಕು ಆರಿಸಿ, ಆಮೇಲೆ "ನಿಮ್ಮ ಪಿಂಡ" ಎಂದು ತನ್ನಷ್ಟಕ್ಕೆ ಸೇರಿಸಿಕೊಳ್ಳುವುದು ಹಳೆಯ ಅಭ್ಯಾಸ. ಅದಿಲ್ಲದಿದ್ದರೆ ಊಟ ಮಾಡಿ ನೀರು ಕುಡಿಯದ ಹಾಗಾಗುತ್ತಿತ್ತು. ಈ ದಿನ ಬೆಳಿಗ್ಗೆ ಮಾತ್ರ ಎಲ್ಲೋ ನೋಡುತ್ತಿದ್ದವನು ಪಿಂಡವನ್ನು ಮೊದಲು ಹೇಳಿ ಗುಂಡಿಯನ್ನು ಆಮೇಲೆ ಒತ್ತಿದ. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಅವನ ಜೇನುದನಿ "ನಿಮ್ಮ ಪಿಂಡ" ಎಂದಿತು. ಪೆಟ್ಟಿಗೆಗಳ ಮೇಲೆ ಕೂತಿದ್ದ ಒಬ್ಬನೂ ತಲೆಯೆತ್ತಲಿಲ್ಲ. ಆಕಳಿಸುತ್ತಿದ್ದವರು ಆಕಳಿಸುತ್ತಲೇ ಇದ್ದರು. ಇಷ್ಟು ವರ್ಷ ತಾನು ಹೇಳಿದ್ದನ್ನು ಯಾವ ಪ್ರಾಣಿಯೂ ಕೇಳಿಸಿಕೊಂಡಿರಲಿಲ್ಲ ಎಂಬುದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೇಳಿಸಿಕೊಂಡವರು ಸ್ಟೇಷನ್ ಮಾಸ್ತರರೊಬ್ಬರೇ. ಅವರು ಗೂಡಿನ ಬಾಗಿಲಲ್ಲಿ ತಲೆ ತೂರಿಸಿ, "ಏನ್ರೀ ಇದು? ಹುಷಾರಿಲ್ವಾ? ಮನೆಗೆ ಹೋಗಿ ಮಲಕ್ಕೊಳ್ಳಿ, ನಾಳೆ ನೋಡೋಣ" ಎಂದರು. ಅವನು ಕೋಲು ಹಿಡಿದು ಎದ್ದ.

ಹುಷಾರಿಲ್ಲ ಎಂಬುದು ನಿಜವೇ. ಹುಟ್ಟಿದಾಗಿನಿಂದ ಯಾವತ್ತು ಹುಷಾರಿದ್ದ? ಎಲ್ಲರ ರಕ್ತ ಗಾಯವಾದರೆ ಹೆಪ್ಪುಗಟ್ಟಿ ನಿಲ್ಲುತ್ತದೆ, ಅವನದು ನಿಲ್ಲುವುದಿಲ್ಲ, ಅಷ್ಟೆ. ಅಮ್ಮನ ಕಡೆಯಿಂದ ಬಂದದ್ದು, ಗಂಡುಮಕ್ಕಳನ್ನೇ ಹಿಡಿಯುವಂಥದ್ದು. ಅಣ್ಣನನ್ನು ಬಿಟ್ಟು ತನ್ನನ್ನು ಹಿಡಿದ ಕಾಯಿಲೆಗೆ ಹಿಮೋಫಿಲಿಯಾ ಎಂಬ ಹೆಸರಿದೆಯೆಂದು ತಿಳಿಯುವ ಮೊದಲೇ ಮನೆಯಲ್ಲಿ ಅವನಿಗೆ ಗಾಜು ಎಂದು ಹೆಸರಿಟ್ಟಾಗಿತ್ತು. ಗಾಜು ಮುಟ್ಟಬೇಡಿ, ಗಾಜು ಬಿದ್ದೀತು, ಗಾಜಿಗೆ ಆಟ ಬೇಡ. ಈಗ ಈ ಮೊಣಕಾಲಿಗೆ ಆಪರೇಷನ್ ಮಾಡಿಸೋಣವೆಂದು ಹೋದರೆ, ಅದಕ್ಕೆ ಮೊದಲು ನಾಲ್ಕಾರು ಪರೀಕ್ಷೆ ಮಾಡಿದ ಡಾಕ್ಟರಮ್ಮ ಕಳೆದ ವಾರ ಕನ್ನಡಕ ತೆಗೆದಿಟ್ಟು, "ನಿಮಗೆ ಹೆಪಟೈಟಿಸ್ ಸಿ ಇದೆ. ಚಿಕ್ಕಂದಿನಲ್ಲಿ ಹಾಕಿದ ರಕ್ತದಿಂದ ಬಂದಿರಬೇಕು. ಆ ಕಾಲದಲ್ಲಿ ಈ ವೈರಸ್ಸಿಗೆ ಪರೀಕ್ಷೆಯೇ ಇರಲಿಲ್ಲ. ನಿಮ್ಮಂಥವರಲ್ಲಿ ಎಷ್ಟೋ ಜನಕ್ಕೆ ಹೀಗೇ ಆಗಿದೆ. ವಿಷಾದದ ಸಂಗತಿ" ಎಂದಳು. ಆ ದನಿ ಅವನಿಗೆ ಎಲ್ಲಿಯೋ ಕೇಳಿದ ಹಾಗಿತ್ತು. ತನ್ನದೇ ದನಿ ಅದು! ತಡವಾದ ಗಾಡಿಗಳ ದನಿ. ಒಳಗೆ ಗುಂಡಿ ಆರಿಸಿ ಇವಳೂ ಏನಾದರೂ ಸೇರಿಸಿಕೊಳ್ಳುತ್ತಾಳೋ ಏನೋ ಎಂದು ಅವಳ ತುಟಿಗಳನ್ನೇ ನೋಡಿದ. "ಜೀವ ಉಳಿಸಿದ ರಕ್ತವೇ ರೋಗವನ್ನೂ ತಂತು ನೋಡಿ" ಎಂದು ಅವಳು ತಾನು ಹೇಳಿದ ಮಾತಿಗೆ ತಾನೇ ಮೆಚ್ಚಿ ತಲೆದೂಗಿದಳು. ಲಿವರ್ ಒಂದಿಷ್ಟು ಗಟ್ಟಿಯಾಗಿದೆಯಂತೆ, ಕೆಟ್ಟುಹೋಗಿಲ್ಲವಂತೆ, ಈಗ ಒಳ್ಳೆಯ ಮಾತ್ರೆಗಳು ಬಂದಿವೆಯಂತೆ, ಮೂರು ತಿಂಗಳು ನುಂಗಿದರೆ ಹೆಚ್ಚಿನವರಿಗೆ ಹೋಗುತ್ತದಂತೆ. ಎಲ್ಲಾ ಅಂತೆಗಳೇ. ಅವನು ಗಮನವಿಟ್ಟು ಕೇಳಿಸಿಕೊಂಡದ್ದು ಅವಳ ಕೊನೆಯ ಮಾತನ್ನು ಮಾತ್ರ. "ಚಿಕ್ಕಂದಿನಲ್ಲಿ ನಿಮಗೆ ರಕ್ತ ಕೊಟ್ಟವರು ಯಾರು ಅಂತ ಗೊತ್ತಾ? ಗೊತ್ತಿದ್ದರೆ ಅವರೂ ಪರೀಕ್ಷೆ ಮಾಡಿಸ್ಕೋಬೇಕು. ಇದು ಸದ್ದಿಲ್ಲದೆ ಲಿವರ್ ತಿನ್ನುತ್ತೆ. ಗೊತ್ತಾಗೋ ಹೊತ್ತಿಗೆ ಕೈಮೀರಿರುತ್ತೆ."

"ನಮ್ಮಣ್ಣ" ಎಂದಿದ್ದ ಅವನು. ಹೇಳಿದೊಡನೆ ಎದೆಯಲ್ಲಿ ಏನೋ ಜಿಗಿದಂತಾಯಿತು. ಅದು ಭಯವಲ್ಲ. ಮನೆಗೆ ಬಂದು ಒಂಟಿ ಕೋಣೆಯ ಮಂಚದ ಮೇಲೆ ಕೂತು ಚೆನ್ನಾಗಿ ಯೋಚಿಸಿದ ಮೇಲೆ ಅದು ಖುಷಿ ಎಂದು ತಿಳಿದು ಅವನಿಗೆ ಅಸಹ್ಯವಾಯಿತು. ಥೂ, ಎಂಥ ಮನುಷ್ಯ ನಾನು ಎಂದುಕೊಂಡ. ಆದರೆ ಅಸಹ್ಯವೂ ಖುಷಿಯೂ ಒಂದೇ ತಟ್ಟೆಯಲ್ಲಿ ಕೂತು ಉಣ್ಣುತ್ತಿದ್ದವು. ಅದಕ್ಕೇ ಒಂದು ವಾರವಾದರೂ ಅಣ್ಣನಿಗೆ ಹೇಳಿರಲಿಲ್ಲ. ಹೇಳಬೇಕಾದದ್ದು ಮರುದಿನವೇ. ಇತ್ತೀಚೆಗೆ ಅಣ್ಣನ ಕಾಲು ಊದಿಕೊಳ್ಳುತ್ತದೆ, ಊಟ ಸೇರುವುದಿಲ್ಲ, ಮಧ್ಯಾಹ್ನಕ್ಕೇ ಸುಸ್ತು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಸದ್ದಿಲ್ಲದೆ ಲಿವರ್ ತಿನ್ನುತ್ತೆ. ಆದರೂ ಆ ಸುದ್ದಿಯನ್ನು ಒಂದು ವಾರ ಬಾಯಲ್ಲಿ ಪೆಪ್ಪರಮೆಂಟಿನ ಹಾಗೆ ಇಟ್ಟುಕೊಂಡಿದ್ದ.

ಮನೆಗೆ ಹೋಗುವ ಬದಲು ಅಣ್ಣನ ಅಂಗಡಿಯ ಕಡೆಗೆ ಹತ್ತಿದ ಬಸ್ಸಿನಲ್ಲಿ ಒಬ್ಬ ಹೆಂಗಸು ಅವನ ಕೋಲು ನೋಡಿ ಜಾಗ ಬಿಟ್ಟುಕೊಟ್ಟಳು. ಉಪಕಾರ. ಅವನು ಕೂತ ಮೇಲೂ ಅವಳು ತಾನು ಜಾಗ ಬಿಟ್ಟದ್ದನ್ನು ಎಲ್ಲರೂ ಗಮನಿಸಿದರೇ ಎಂದು ಸುತ್ತ ನೋಡಿದಳು, ಅಥವಾ ಅವನಿಗೆ ಹಾಗೆ ಕಂಡಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ಅಣ್ಣನ ಬಲಗೈ ಕೊಟ್ಟದ್ದು ಮೂರು ಬೀದಿಗೆ ತಿಳಿದಿತ್ತು. ತನಗೆ ಎಂಟು ವರ್ಷವಿದ್ದಾಗ ಶಾಲೆಯ ಬೆಂಚಿನ ಮೇಲೆ ಮುಖ ಅಡಿಯಾಗಿ ಬಿದ್ದು ನಾಲಿಗೆ ಕಚ್ಚಿಕೊಂಡಿದ್ದ. ರಕ್ತ ನಿಲ್ಲಲೇ ಇಲ್ಲ, ದಿಂಬು, ಅಮ್ಮನ ಸೆರಗು, ಆಸ್ಪತ್ರೆಯ ತಗಡಿನ ತಟ್ಟೆ ಎಲ್ಲಾ ತೊಯ್ದವು. ಬಿಳಿ ಗೋಡೆ ದೂರದೂರ ಹೋಗುತ್ತಿತ್ತು. ಆಗ ಆಗತಾನೇ ಮೀಸೆ ಬಂದಿದ್ದ ಅಣ್ಣ ತೋಳು ಮಡಚಿಕೊಂಡು ಬಂದು ಮಂಚದ ಪಕ್ಕ ನಿಂತು, "ಗಾಜು, ಕೊಟ್ಟೆ ಕಣೋ" ಎಂದ. ಮೇಲೆ ಕೊಕ್ಕೆಯಲ್ಲಿ ಕೆಂಪು ಚೀಲ ತೂಗುತ್ತಿತ್ತು. ಸಂಜೆಗೆ ಗೋಡೆ ಹತ್ತಿರ ಬಂತು. ಆ ಸಂಜೆ ಅಣ್ಣ ದೇವರಂತೆ ಕಂಡಿದ್ದ ಎಂಬುದನ್ನು ಅವನು ಈಗಲೂ ಅಲ್ಲಗಳೆಯಲಾರ. ಆ ದೇವರು ಬಾಯಿ ಮುಚ್ಚಿಕೊಂಡಿದ್ದರೆ ಈಗಲೂ ದೇವರಾಗಿಯೇ ಇರುತ್ತಿದ್ದ. ಆಮೇಲೆ ವರ್ಷವರ್ಷವೂ ತಮ್ಮ ಎಲ್ಲಾದರೂ ಬಿದ್ದಾಗ, ಹಲ್ಲು ಕಿತ್ತಾಗ, ಅಣ್ಣ ಹೋಗಿ ತೋಳು ಚಾಚಿ ಬರುತ್ತಿದ್ದ, ಬಂದು ಹೇಳುತ್ತಿದ್ದ. ಪರೀಕ್ಷೆಯಲ್ಲಿ ನಪಾಸಾದರೆ, "ನನ್ನ ರಕ್ತ ಕುಡಿದೂ ಗಣಿತ ಬರಲಿಲ್ಲವಲ್ಲೋ." ಮದುವೆಯ ದಿನ ಹೊಸ ಹೆಂಡತಿಗೆ ಪರಿಚಯ ಮಾಡಿಸುವಾಗ, "ಇವನು ಬರೀ ತಮ್ಮ ಅಲ್ಲ, ಅರ್ಧ ನಾನೇ." ಅತ್ತಿಗೆ ಪಾಪ ಎಂಬ ಕಣ್ಣಿನಿಂದ ನೋಡಿದ್ದಳು. ಅವನು ಎದುರಾಡಿದರೆ ಅಮ್ಮ ಬೇರೆ: "ಅಣ್ಣನ ಋಣ ಮರೀಬೇಡ ಕಣೋ." ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ. ಹಸು ಕೊಟ್ಟವನು ದಿನಾ ಬಂದು ಕೊಟ್ಟಿಗೆಯಲ್ಲಿ ಕೂತರೆ ಏನು ಮಾಡಬೇಕು ಎಂದು ಯಾವ ಗಾದೆಯೂ ಹೇಳಿಲ್ಲ. ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಅವನ ದನಿಯನ್ನು ಮೆಚ್ಚಿ, ಆಮೇಲೆ ಅವನನ್ನೂ ಮೆಚ್ಚಿ, ಇನ್ನೇನು ಮಾತು ಮನೆಗಳ ತನಕ ಹೋಗಬೇಕು ಎನ್ನುವಾಗ ಅಣ್ಣ ತಾನೇ ಅವಳ ಅಪ್ಪನ ಮನೆಗೆ ಹೋಗಿ, "ಮುಚ್ಚಿಡೋದು ತಪ್ಪು ನೋಡಿ" ಎಂದು ಶುರುಮಾಡಿ, ಕಾಯಿಲೆಯನ್ನೂ ತನ್ನ ರಕ್ತವನ್ನೂ ಚೀಲ ಚೀಲವಾಗಿ ವರ್ಣಿಸಿ, ಕಾಫಿ ಕುಡಿದು ಬಂದಿದ್ದ. ಹುಡುಗಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಳು. "ನಾಳೆ ಗೊತ್ತಾಗೋ ಬದಲು ಇವತ್ತೇ ಗೊತ್ತಾದ್ರೆ ಒಳ್ಳೇದಲ್ವೇನೋ" ಎಂದಿದ್ದ ಅಣ್ಣ, ನಿಜವಾಗಿಯೂ ಒಳ್ಳೆಯದನ್ನೇ ಮಾಡಿದೆನೆಂಬ ಮುಖದಲ್ಲಿ. ಕೆಟ್ಟದ್ದನ್ನು ಮಾಡುವವರನ್ನಾದರೂ ದ್ವೇಷಿಸಬಹುದು.

ಅಣ್ಣನದು ಹಾಸಿಗೆ ಅಂಗಡಿ. ಗೋಡೆಗೆ ಒರಗಿಸಿದ ಹಾಸಿಗೆಗಳು, ನೆಲದಲ್ಲಿ ಒಂದರ ಮೇಲೊಂದು ಹಾಸಿಗೆಗಳು, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಯಾರು ಕೂತರೂ ಎದ್ದರೂ ಪರಪರ ಸದ್ದು. ಹೊಸದಾಗಿ ಮದುವೆಯಾದಂತೆ ಕಾಣುವ ಗಂಡಹೆಂಡಿರನ್ನು ಒಂದು ಹಾಸಿಗೆಯ ಮೇಲೆ ಮಲಗಿಸಿ ಅಣ್ಣ ಪಕ್ಕದಲ್ಲಿ ನಿಂತಿದ್ದ. "ಹೊರಳಿ, ಹೊರಳಿ, ನಾಚ್ಕೋಬೇಡಿ. ಈ ಕಡೆಯವರು ಹೊರಳಿದ್ರೆ ಆ ಕಡೆಯವರಿಗೆ ಗೊತ್ತಾಗಬಾರದು, ಅದು ಹಾಸಿಗೆ!" ಗಂಡ ಬೂಟುಗಾಲನ್ನು ಗಾಳಿಯಲ್ಲಿ ಹಿಡಿದುಕೊಂಡು ಹೊರಳಿದ. ತಮ್ಮನನ್ನು ಕಂಡು ಅಣ್ಣನ ಮುಖ ಅರಳಿತು. ಆ ಮುಖ ಅರಳಿದಾಗೆಲ್ಲ ಮುಂದಿನ ಮಾತು ಯಾವುದೆಂದು ಅವನಿಗೆ ಗೊತ್ತು. "ಇವನು ನನ್ನ ತಮ್ಮ. ರೈಲ್ವೇ ಸ್ಟೇಷನ್ನಲ್ಲಿ ಕೇಳಿರ್ತೀರಲ್ಲ ದನಿ? ಇವನದೇ. ಚಿಕ್ಕೋನಿದ್ದಾಗ ನನ್ನ ರಕ್ತ ಹಾಕಿದ್ದಕ್ಕೆ ಉಳಿದ. ಈಗ ನೋಡಿ, ಇಡೀ ಊರಿಗೆ ಕೇಳ್ಸುತ್ತೆ ನನ್ನ ರಕ್ತ." ಹೆಂಡತಿ ಎನ್ನುವವಳು ಮಲಗಿದ್ದಲ್ಲಿಂದಲೇ "ಅಯ್ಯೋ ಹೌದಾ, ಇಂಥ ಅಣ್ಣ ಸಿಗಬೇಕು" ಎಂದಳು. ಬಾಯಲ್ಲಿದ್ದ ಪೆಪ್ಪರಮೆಂಟು ಕರಗುವುದನ್ನು ಇನ್ನು ಅವನು ತಡೆಯಲಿಲ್ಲ.

"ಆ ರಕ್ತದಲ್ಲಿ ರೋಗ ಇತ್ತಂತೆ" ಎಂದ, ನಿಲ್ದಾಣದ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. "ಲಿವರ್ ತಿನ್ನೋ ರೋಗ. ನಂಗೆ ಬಂದಿದೆ. ನಿಂಗೂ ಇರಬೇಕು. ಡಾಕ್ಟ್ರು ಪರೀಕ್ಷೆ ಮಾಡಿಸ್ಕೊಳ್ಳೋಕೆ ಹೇಳಿದಾರೆ."

ಪ್ಲಾಸ್ಟಿಕ್ ಪರಪರ ಎಂದಿತು. ಗಂಡಹೆಂಡಿರು ಎದ್ದು, ಇನ್ನೊಂದು ದಿನ ಬರುತ್ತೇವೆ ಎಂದು, ಬೂಟಿನ ದಾರವನ್ನೂ ಕಟ್ಟದೆ ಹೊರಟುಹೋದರು. ಅಣ್ಣ ಬಾಗಿಲ ಕಡೆ ನೋಡಿದ, ತಮ್ಮನ ಕಡೆ ನೋಡಿದ. "ಏನೋ ಹೇಳ್ತಿದೀಯ? ಗಿರಾಕಿಗಳ ಎದುರಿಗೆ? ನನ್ನ ರಕ್ತದಲ್ಲಿ ರೋಗಾನಾ? ಅಲ್ಲಯ್ಯಾ, ಸಾಯ್ತಿದ್ದೆ ನೀನು! ಉಪಕಾರ ಮಾಡಿದ್ದಕ್ಕೆ ಇದಾ ನೀನು ಕೊಡೋ ಮರ್ಯಾದೆ?" ಕುತ್ತಿಗೆಯ ನರ ಉಬ್ಬಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೊದಿಕೆಗಳಿಗೆ ದಾರ ಹಾಕುತ್ತಿದ್ದ ಅತ್ತಿಗೆ ಸೂಜಿ ಕೆಳಗಿಟ್ಟಳು. ಅವಳು ಗಂಡನ ಮುಖವನ್ನಲ್ಲ, ಪಾದಗಳನ್ನು ನೋಡುತ್ತಿದ್ದಳು. ಚಪ್ಪಲಿಯ ಪಟ್ಟಿ ಊದಿದ ಮಾಂಸದೊಳಗೆ ಹೂತಿತ್ತು. "ಕೂಗಾಡಿದ್ದು ಸಾಕು. ಬಾಯಿಗಿಂತ ಮುಂಚೆ ಕಾಲು ಹೇಳ್ತಿದೆ. ಈಗಲೇ ಹೋಗಿ ತೋರಿಸ್ಕೊಂಡು ಬನ್ನಿ" ಎಂದಳು. ಆಮೇಲೆ ಮೈದುನನ ಕಡೆ ತಿರುಗಿ, ದನಿ ಏರಿಸದೆ, "ನಿಮಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದಳು. ಹೋದ ವಾರ ಎಂದ. ಅವಳು ತಲೆಯಾಡಿಸಿ ಸೂಜಿ ಎತ್ತಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನೇ, "ಕೆಲಸ ಜಾಸ್ತಿ ಇತ್ತು ಅತ್ತಿಗೆ" ಎಂದು ಸೇರಿಸಿದ. ಅವಳು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಹಾಸಿಗೆ ಸಾಗಿಸುವ ವ್ಯಾನಿನಲ್ಲಿ ಹೊರಟರು. ಮೊದಲ ತಿರುವು ಕಳೆಯಿತು. ಸ್ಟೀರಿಂಗ್ ಹಿಡಿದ ಅಣ್ಣನ ಕೈಗಳು ಬೆವರಿದ್ದವು. ಹೆದರಿದ್ದಾನೆ ಎಂದುಕೊಂಡ ಅವನು. ಎಲ್ಲೋ ಸ್ವಲ್ಪ ಕನಿಕರವೂ ಬಂತು. ಏನಾದರೂ ಸಮಾಧಾನ ಹೇಳೋಣವೆಂದು, "ಈಗ ಮಾತ್ರೆ ಇದೆಯಂತೆ" ಎಂದ. ಎರಡನೆಯ ತಿರುವು ಕಳೆಯಿತು, ಸಿಗ್ನಲ್ಲಿನಲ್ಲಿ ನಿಂತರು. ಅಣ್ಣ ದೀರ್ಘವಾಗಿ ಉಸಿರು ಬಿಟ್ಟು, "ಇರಲಿ ಬಿಡೋ. ಬಂದಿದ್ರೆ ನನ್ನಿಂದಲೇ ಬಂದಿರಬೇಕು ತಾನೇ. ಒಳ್ಳೇದೂ ನಂದೇ, ಕೆಟ್ಟದ್ದೂ ನಂದೇ. ಬೇರೆಯವರ ರೋಗ ಅಲ್ಲವಲ್ಲ. ಒಟ್ಟಿಗೇ ಮಾತ್ರೆ ನುಂಗೋಣ" ಎಂದ. ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಸಿಗ್ನಲ್ ಹಸಿರಾಗುವ ಹೊತ್ತಿಗೆ ಅಣ್ಣನ ಮುಖದಲ್ಲಿ ಹಳೆಯ ಕಳೆ ಅರ್ಧ ವಾಪಸು ಬಂದಿತ್ತು. ತಮ್ಮನಿಗೆ ಗೊತ್ತಾಯಿತು: ಈ ಮನುಷ್ಯ ಮುಂದಿನ ಮಾತನ್ನು ಆಗಲೇ ಹೊಲಿಯುತ್ತಿದ್ದಾನೆ. ನಾಳೆ ಹಾಸಿಗೆಯ ಮೇಲೆ ಹೊರಳುವ ಗಿರಾಕಿಗಳಿಗೆ, ನೋಡಿ, ಇವನಿಗೆ ರಕ್ತ ಕೊಟ್ಟೆ, ಅದರ ಜೊತೆ ನನ್ನ ರೋಗವನ್ನೂ ಹಂಚಿಕೊಂಡೆ, ಈಗ ಇಬ್ಬರೂ ಒಂದೇ ಮಾತ್ರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕನಿಕರ ಬಂದ ದಾರಿಯಲ್ಲೇ ಹೋಯಿತು. ರೋಗ ಇರಲಿ ಎಂದುಕೊಂಡ ಅವನು, ಈ ಸಲ ನಾಚಿಕೆಯಿಲ್ಲದೆ. ಇರಲಿ, ಕಾಗದದ ಮೇಲೆ ಬರಲಿ, ಕೊಟ್ಟ ಚೀಲದಲ್ಲಿ ಏನಿತ್ತು ಎಂದು ಎಲ್ಲರಿಗೂ ಕಾಣಲಿ. ಆಮೇಲೆ ಯಾರ ಋಣ ಯಾರ ಮೇಲೆ ಎಂದು ನೋಡೋಣ.

ಆಸ್ಪತ್ರೆಯ ರಕ್ತನಿಧಿಯ ಕೋಣೆ ನೆಲಮಾಳಿಗೆಯಲ್ಲಿತ್ತು. ಆಳೆತ್ತರದ ಫ್ರಿಜ್ಜುಗಳು ಗುಂಯ್ ಎನ್ನುತ್ತಿದ್ದವು. ಗೋಡೆಯ ಮೇಲೆ ನಗುವ ಹನಿಯ ಚಿತ್ರ, ಅದರ ಕೆಳಗೆ ರಕ್ತ ಕೊಟ್ಟವನು ಧನ್ಯ ಎಂಬ ಅರ್ಥದ ಮಾತು. ಅಣ್ಣ ಅದನ್ನು ನಿಂತು ಓದಿದ. ಅಲ್ಲಿನ ಅಧಿಕಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ ಒಬ್ಬ ಬೋಳುತಲೆಯ ವೈದ್ಯ. ಬಿಸ್ಕತ್ತು ಮುರಿದು ಲೋಟದೊಳಗೆ ಬೀಳುವುದನ್ನು ನೋಡಿ ಅವನು ಚ್ಚು ಎಂದದ್ದು ಇವರಿಬ್ಬರ ಕಥೆ ಕೇಳಿ ಚ್ಚು ಎಂದದ್ದಕ್ಕಿಂತ ಹೆಚ್ಚು ಮನಃಪೂರ್ವಕವಾಗಿತ್ತು. ಅಣ್ಣ ಅಂಗಿಯ ತೋಳನ್ನು ಭುಜದವರೆಗೂ ಮಡಚಿ, ಎಷ್ಟೋ ಪಳಗಿದವನ ಗತ್ತಿನಲ್ಲಿ ಕೈ ಚಾಚಿದ. ನರ್ಸು ಸ್ವಲ್ಪ ರಕ್ತ ಎಳೆದು, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ ಎಂದು ಒಳಗೆ ಹೋದಳು. ಹತ್ತಿಯ ಚೂರನ್ನು ಅಣ್ಣ ಒಂದು ಕ್ಷಣ ಒತ್ತಿ ಬುಟ್ಟಿಗೆ ಎಸೆದ. ಗಾಯ ಆಗಲೇ ಮುಚ್ಚಿತ್ತು. ಎಂಥ ಸುಲಭ ಎಂದು ತಮ್ಮನಿಗೆ ಯಾವಾಗಲೂ ಆಗುವ ಹೊಟ್ಟೆಯುರಿಯಾಯಿತು.

"ನಿಮ್ಮ ಗುಂಪು ಯಾವುದು?" ಎಂದ ವೈದ್ಯ, ಚಮಚದಿಂದ ಬಿಸ್ಕತ್ತು ಹುಡುಕುತ್ತ.

"ಬಿ ಪಾಸಿಟಿವ್" ಎಂದ ಅಣ್ಣ ಹೆಮ್ಮೆಯಿಂದ.

"ನಿಮ್ಮದು?"

"ಓ" ಎಂದ ಅವನು.

ವೈದ್ಯನ ಚಮಚ ನಿಂತಿತು. "ಹಾಗಾದ್ರೆ ನೀವು ಇವರಿಗೆ ಕೊಟ್ಟಿಲ್ಲ."

"ಕೊಟ್ಟಿದೀನಿ ಸಾರ್! ಎಷ್ಟು ಸಲ! ಇದೇ ಆಸ್ಪತ್ರೇಲಿ, ಆಗ ಮೇಲ್ಗಡೆ ಇತ್ತು."

"ಕೊಟ್ಟಿರ್ತೀರಿ ಸ್ವಾಮಿ, ಇಲ್ಲ ಅನ್ನಲ್ಲ. ಇವರಿಗಲ್ಲ. ಅದು ಬದಲಿ ರಕ್ತ. ಪೇಷಂಟಿಗೆ ಒಂದು ಚೀಲ ಬೇಕಾದ್ರೆ ಮನೆಯವರು ಒಂದು ಚೀಲ ತುಂಬಿಸಿ ಕೊಡಬೇಕು ಅಂತ ಆಗ ನಿಯಮ. ನಿಮ್ಮ ಚೀಲ ಫ್ರಿಜ್ಜಿಗೆ ಹೋಗ್ತಿತ್ತು, ಫ್ರಿಜ್ಜಲ್ಲಿದ್ದ ಬೇರೆ ಯಾರದ್ದೋ ಚೀಲ ಇವರಿಗೆ ಬರ್ತಿತ್ತು. ಬಿ ಗುಂಪಿನ ರಕ್ತ ಓ ಗುಂಪಿನವರಿಗೆ ಹಾಕೋಕಾಗುತ್ತಾ? ನಿಮ್ಮದನ್ನ ಹಾಕಿದ್ದಿದ್ರೆ ಈ ಮನುಷ್ಯ ಅವತ್ತೇ ಹೋಗಿರ್ತಿದ್ದ." ವೈದ್ಯ ನಗುವ ಪ್ರಯತ್ನ ಮಾಡಿದ. "ಎಲ್ಲಾ ಮನೆಯವರೂ ಹೀಗೇ ಅಂದ್ಕೊಂಡಿರ್ತಾರೆ. ನಾವೂ ಬಿಡಿಸಿ ಹೇಳೋಕೆ ಹೋಗಲ್ಲ. ಖುಷಿಯಾಗಿ ಕೊಡ್ತಾರಲ್ಲ, ಕೊಡಲಿ ಅಂತ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ನಗು ಬರಬೇಕಾಗಿತ್ತು. ಒಂದು ಜನ್ಮಕ್ಕಾಗುವಷ್ಟು ನಗು ಬರಬೇಕಾಗಿತ್ತು! ನನ್ನ ರಕ್ತ, ನನ್ನ ರಕ್ತ ಎಂದು ಊರೆಲ್ಲ ಸಾರಿದ ಮನುಷ್ಯನ ಒಂದು ಹನಿಯೂ ತನ್ನೊಳಗಿಲ್ಲ. ಎಲ್ಲೋ ಯಾವನೋ ಪುಣ್ಯವಂತ ಅಣ್ಣನ ರಕ್ತವನ್ನು ಮೈಯಲ್ಲಿ ತುಂಬಿಕೊಂಡು ಅಣ್ಣನ ಬಾಯಿಂದ ತಪ್ಪಿಸಿಕೊಂಡಿದ್ದಾನೆ. ಆ ಹುಡುಗಿಯ ಅಪ್ಪನ ಮನೆಯಲ್ಲಿ ಕುಡಿದ ಕಾಫಿ, ಅಮ್ಮ ಹೇಳುತ್ತಿದ್ದ ಋಣ, ಎಲ್ಲವೂ ತಪ್ಪು ವಿಳಾಸಕ್ಕೆ ಬಂದ ಸಾಮಾನು. ಮನಸ್ಸಿನಲ್ಲಿ ಈ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಅಣ್ಣನ ಕಿವಿಗೆ ಹಾಕಲು ಒಂದಕ್ಕಿಂತ ಒಂದು ಹರಿತವಾಗಿದ್ದವು. ಅಷ್ಟರಲ್ಲಿ ಇನ್ನೊಂದು ಯೋಚನೆ ಅಡ್ಡ ಬಂತು. ಹಾಗಾದರೆ ತನ್ನೊಳಗೆ ಇರುವುದು ಯಾರು? ಮಗಳಿಗೋ ಹೆಂಡತಿಗೋ ಎಂದು ಬಂದು ತೋಳು ಚಾಚಿ ಹೋದ ಯಾವನೋ ಒಬ್ಬ. ತಾನು ಗಾಜಿನ ಹುಡುಗನೊಬ್ಬನಿಗೆ ಜೀವವನ್ನೂ ರೋಗವನ್ನೂ ಒಂದೇ ಚೀಲದಲ್ಲಿ ಕೊಟ್ಟೆನೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗದೆಯೇ ಲಿವರ್ ತಿನ್ನಿಸಿಕೊಂಡು ಸತ್ತೂ ಹೋಗಿರಬಹುದು. ಅಂಥವನನ್ನು ಹೇಗೆ ದ್ವೇಷಿಸುವುದು? ಎಲ್ಲಿ ಹುಡುಕಿಕೊಂಡು ಹೋಗಿ ಬೈಯುವುದು? ಅಣ್ಣನಾದರೆ ಹತ್ತಿರ ಇದ್ದ, ಬೇಕಾದಾಗ ಸಿಗುತ್ತಿದ್ದ. ಈ ರೋಗ ಅಣ್ಣನದೇ ಆಗಿರಲಿ ಎಂದು ಅವನು ಮತ್ತೆ ಆಸೆಪಟ್ಟ. ಬಿ, ಓ, ಫ್ರಿಜ್ಜು, ನಿಯಮ ಎಲ್ಲ ಗೊತ್ತಾದ ಮೇಲೂ ಆಸೆಪಟ್ಟ.

"ಸುಳ್ಳು ಹೇಳ್ತಾನೆ ಆ ಬೋಳ" ಎಂದ ಅಣ್ಣ. ತೋಳನ್ನು ಇನ್ನೂ ಭುಜದವರೆಗೆ ಮಡಚಿಕೊಂಡೇ ಇದ್ದ. "ನನ್ನ ಕಣ್ಣೆದುರಿಗೇ ಚೀಲ ತಗೊಂಡು ಹೋದ್ರು. ಬಿಸಿ ಇತ್ತು ಕಣೋ ಚೀಲ. ನಾನು ಮುಟ್ಟಿದೀನಿ. ನೀನಿದ್ದ ವಾರ್ಡಿನ ಕಡೆಗೇ ತಗೊಂಡು ಹೋದ್ರು."

"ಫ್ರಿಜ್ಜೂ ಆ ಕಡೆಗೇ ಇತ್ತೇನೋ."

"ನೋಡ್ತಿರು. ಪರೀಕ್ಷೇಲಿ ಬರುತ್ತೆ. ಇದ್ದೇ ಇರುತ್ತೆ. ಸುಮ್ ಸುಮ್ನೆ ಕಾಲು ಊದುತ್ತಾ?" ಅಣ್ಣ ಬಗ್ಗಿ ತನ್ನ ಪಾದವನ್ನು ಹೆಬ್ಬೆರಳಿಂದ ಒತ್ತಿ ತೋರಿಸಿದ. ಗುಳಿ ಬಿತ್ತು, ಮೇಲೇಳಲಿಲ್ಲ. ಆ ಗುಳಿಯನ್ನು ಅವನು ಎಷ್ಟು ಆಸೆಯಿಂದ ನೋಡಿದನೆಂದರೆ ತಮ್ಮನಿಗೆ ಮೈ ಜುಂ ಎಂದಿತು. ಈ ಮನುಷ್ಯನಿಗೆ ರೋಗ ಬೇಕಾಗಿದೆ. ಲಿವರ್ ಹೋದರೂ ಚಿಂತೆಯಿಲ್ಲ, ಅತ್ತಿಗೆ ವಿಧವೆಯಾದರೂ ಚಿಂತೆಯಿಲ್ಲ, ತಾನು ಕೊಟ್ಟೆ ಎಂಬುದೊಂದು ಉಳಿಯಬೇಕು. ಎಂಥ ಮೂರ್ಖ! ಹೊಟ್ಟೆ ಹುಣ್ಣಾಗುವಷ್ಟು ಮೂರ್ಖ! ಎಂದು ಬೈದುಕೊಳ್ಳುವಾಗಲೇ ಅದೇ ಬೆಂಚಿನ ಮೇಲೆ, ಒಂದು ಗೇಣು ಪಕ್ಕದಲ್ಲಿ, ತಾನೂ ಅದನ್ನೇ ಬೇಡಿಕೊಂಡು ಕೂತಿರುವುದು ಅವನಿಗೆ ಹೊಳೆಯಿತು. ಅಣ್ಣತಮ್ಮಂದಿರು ಹುಟ್ಟಿದಾಗಿನಿಂದ ಒಂದು ವಿಷಯದಲ್ಲೂ ಒಮ್ಮತವಿಲ್ಲದವರು, ಈಗ ಒಂದೇ ರೋಗಕ್ಕೆ ಇಬ್ಬರೂ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು. ಬೆಂಚಿನ ಎದುರು ಸ್ಟ್ರೆಚರಿನ ಒಂದು ಚಕ್ರ ಕೀಚು ಕೀಚು ಎನ್ನುತ್ತ ಹೋಯಿತು.

ವೈದ್ಯ ಬಾಗಿಲಲ್ಲಿ ಕಾಣಿಸಿಕೊಂಡು, ಹಲ್ಲಿನ ಸಂದಿಯಿಂದ ಬಿಸ್ಕತ್ತು ಬಿಡಿಸುತ್ತ, "ಏನೂ ಇಲ್ಲ. ನೆಗೆಟಿವ್. ನಿಮಗೆ ಈ ರೋಗ ಇಲ್ಲ" ಎಂದ.

ಅಣ್ಣ ಎದ್ದು ನಿಂತ. "ಇನ್ನೊಂದ್ ಸಲ ನೋಡಿ ಸಾರ್."

"ಎಷ್ಟು ಸಲ ನೋಡಿದ್ರೂ ಅಷ್ಟೇ."

"ಬೇರೆ ಕೈಯಿಂದ ತಗೊಳ್ಳಿ. ಆಗ ನಾನು ಎಡಗೈಯಿಂದ ಕೊಡ್ತಿದ್ದೆ."

"ಏನ್ರೀ ನೀವು? ಇಲ್ಲ ಅಂದ್ರೆ ಸಂತೋಷಪಡೋದು ಬಿಟ್ಟು!" ವೈದ್ಯನಿಗೆ ಈಗ ನಿಜವಾಗಿಯೂ ನಗು ಬಂತು. "ಕಾಲಿನ ಊತಕ್ಕೆ ಮೇಲೆ ಹೃದಯದ ಡಾಕ್ಟರನ್ನ ನೋಡಿ, ತಡ ಮಾಡ್ಬೇಡಿ. ಹೋಗಿ, ಒಳ್ಳೇ ಸುದ್ದಿ, ಮನೆಯವರಿಗೆ ಹೇಳಿ" ಎಂದು ಬಾಗಿಲು ಹಾಕಿಕೊಂಡ.

ಅಣ್ಣ ಚಾಚಿದ್ದ ಎಡಗೈಯನ್ನು ಒಳಗೆಳೆದುಕೊಂಡ. ಅಂಗಿಯ ತೋಳನ್ನು ಇಳಿಸಿದ, ಗುಂಡಿ ಹಾಕಲು ಹೋದ. ಗುಂಡಿ ತೂತಿಗೆ ಸೇರಲಿಲ್ಲ. ಮತ್ತೆ ಹಾಕಿದ, ಮತ್ತೆ ಸೇರಲಿಲ್ಲ. ಅವನು ಕೋಲನ್ನು ಗೋಡೆಗೆ ಒರಗಿಸಿ, ಅಣ್ಣನ ಮಣಿಕಟ್ಟು ಹಿಡಿದು ಗುಂಡಿ ಹಾಕಿದ. ಅಣ್ಣನ ಕೈ ತಣ್ಣಗಿತ್ತು. ಇಷ್ಟು ಹತ್ತಿರದಿಂದ ಅವನು ಆ ಮುಖವನ್ನು ಆ ಕೆಂಪು ಚೀಲದ ಸಂಜೆಯ ಮೇಲೆ ನೋಡಿರಲೇ ಇಲ್ಲ. ಮೀಸೆ ಪೂರ್ತಿ ನೆರೆತಿತ್ತು.

"ನಿಂಗೆ ಈಗ ಸಂತೋಷ ಆಯ್ತಾ ಗಾಜು?"

ಆಗಬೇಕಾಗಿತ್ತು. ಎರಡು ಕಾರಣಕ್ಕೆ ಆಗಬೇಕಾಗಿತ್ತು. ಅಣ್ಣನಿಗೆ ರೋಗವಿಲ್ಲ, ತನಗೆ ಋಣವಿಲ್ಲ. ಒಂದನ್ನಾದರೂ ಹೇಳಬಹುದಿತ್ತು. ದನಿ ಮಾರಿ ಬದುಕುವವನಿಗೆ ಅದೇನು ಕಷ್ಟ?

"ಇಲ್ಲ" ಎಂದ.

ಅಣ್ಣ ಅವನ ಕೋಲನ್ನು ತೆಗೆದು ಅವನ ಕೈಗೆ ಕೊಟ್ಟ. "ನಂಗೂ ಆಗಲಿಲ್ಲ ಕಣೋ" ಎಂದ.